ಮೈದಾನ, ಪಬ್ಬು, ಕಾಮಿಕ್ ಕಾನ್: ಎಲ್ಲಿ ಎಷ್ಟು ಹತ್ತಿರ ನಿಂತೆ

ಅಕ್ಕನ ಮಗ ಒಂಬತ್ತನೇ ಕ್ಲಾಸು. 2024ರ ಡಿಸೆಂಬರ್‌ನಲ್ಲಿ ಒಂದು ಭಾನುವಾರ ಮನೆಗೆ ಬಂದವನೇ ಜೇಬಿನಿಂದ ದುಡ್ಡು ತೆಗೆದು ಟೀಪಾಯಿ ಮೇಲಿಟ್ಟ. ಐನೂರರ ಐದು ನೋಟು. ಹುಟ್ಟುಹಬ್ಬಕ್ಕೆ ಅಜ್ಜ, ಅಜ್ಜಿ, ದೊಡ್ಡಪ್ಪ ಕೊಟ್ಟಿದ್ದನ್ನೆಲ್ಲ ಕೂಡಿಟ್ಟಿದ್ದನಂತೆ.

"ಮಾಮ, ಇಷ್ಟರಲ್ಲಿ ಕಾಮಿಕ್ ಕಾನ್‌ಗೆ ಹೋಗ್ಲಾ, ಇಲ್ಲ ಒಂದು ಒಳ್ಳೆ ಕಾನ್ಸರ್ಟ್‌ಗೆ ಹೋಗ್ಲಾ? ನೀನು ಎರಡಕ್ಕೂ ಹೋಗಿದ್ದೀಯಲ್ಲ, ನೀನೇ ಹೇಳು."

ಕಾಮಿಕ್ ಕಾನ್ ಅಂದರೆ ಕಾಮಿಕ್ಸ್ ಬರೆಯುವವರು, ಓದುವವರು, ಅದರ ಪಾತ್ರಗಳ ವೇಷ ಹಾಕಿಕೊಂಡವರು ಎಲ್ಲ ಸೇರುವ ಮೇಳ. ಒಂದು ಮಾತಲ್ಲಿ ಹೇಳೋಣ ಅಂತ ಬಾಯಿ ತೆರೆದೆ. ಮುಗಿಯುವಷ್ಟರಲ್ಲಿ ಅಕ್ಕ ಎರಡು ಸಲ ಕಾಫಿ ಕೊಟ್ಟಿದ್ದಳು. ಇಪ್ಪತ್ತು ವರ್ಷದಿಂದ ಬೆಂಗಳೂರಿನಲ್ಲಿ ನಾನು ದುಡ್ಡು, ಕಾಲು, ಕಿವಿ ಎಲ್ಲವನ್ನೂ ಖರ್ಚು ಮಾಡಿದ್ದು ಇವುಗಳ ಮೇಲೇ. ಅವನಿಗೆ ಅವತ್ತು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥದೇ ಪ್ರಶ್ನೆ ಕೇಳುವವರು ಇರಬಹುದು.

ದೊಡ್ಡ ಮೈದಾನ

ನಾನು ಶಿವಮೊಗ್ಗದಿಂದ ಬೆಂಗಳೂರಿಗೆ ಓದೋಕೆ ಬಂದದ್ದು 2004ರಲ್ಲಿ. ಮರುವರ್ಷ ಏಪ್ರಿಲ್‌ನಲ್ಲಿ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ ಅವರ 'ಕನ್ನಡವೇ ಸತ್ಯ' ನಡೆಯಿತು. ಚಿಕ್ಕಪ್ಪ ಸ್ಕೂಟರ್ ಮೇಲೆ ಕೂರಿಸಿಕೊಂಡು ಹೊರಟರು. ಮೇಖ್ರಿ ಸರ್ಕಲ್ ಹತ್ತಿರ ಬರುವಷ್ಟರಲ್ಲಿ ಗಾಡಿ ಮುಂದಕ್ಕೆ ಹೋಗಲೇ ಇಲ್ಲ. ಒಂದು ಅಂಗಡಿ ಮುಂದೆ ಸ್ಕೂಟರ್ ನಿಲ್ಲಿಸಿ, ಅಂಗಡಿಯವರಿಗೆ ಹೇಳಿ, ನಡೆದೇ ಹೋದೆವು. ದಾರಿ ತುಂಬಾ ಜನ. ರೇಷ್ಮೆ ಸೀರೆ ಉಟ್ಟ ಅಜ್ಜಿಯರು, ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡ ಅಪ್ಪಂದಿರು, ಬುತ್ತಿ ಕಟ್ಟಿಕೊಂಡು ಬಂದ ಸಂಸಾರಗಳು. ಕುವೆಂಪು, ಬೇಂದ್ರೆ, ಶಿಶುನಾಳ ಶರೀಫರ ಸಾಲುಗಳಿಗೆ ಅಷ್ಟು ಜನ ಒಟ್ಟಿಗೆ ದನಿ ಸೇರಿಸಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ವೇದಿಕೆ ಎಲ್ಲೋ ದೂರದಲ್ಲಿತ್ತು. ಅಶ್ವತ್ಥ್ ಅವರು ನನಗೆ ಹೆಬ್ಬೆರಳಿನಷ್ಟೇ ಕಂಡರು. ಆದರೆ ದನಿ ಮಾತ್ರ ಎದೆಗೇ ಬಂದು ತಾಗುತ್ತಿತ್ತು. ಚಿಕ್ಕಪ್ಪ ಮನೆಯಲ್ಲಿ ಗಟ್ಟಿಯಾಗಿ ಮಾತಾಡುವವರೇ ಅಲ್ಲ. ಅವತ್ತು ಕೈ ಮೇಲೆತ್ತಿ ಹಾಡಿದರು.

ಎರಡು ವರ್ಷ ಆದಮೇಲೆ, 2007ರ ಮಾರ್ಚ್ 17ರಂದು, ಅದೇ ಮೈದಾನಕ್ಕೆ ಐರನ್ ಮೇಡನ್ ಬಂತು, ಅಬ್ಬರದ ರಾಕ್ ಆದ 'ಮೆಟಲ್' ನುಡಿಸುವ ಇಂಗ್ಲೆಂಡಿನ ಬ್ಯಾಂಡು. ಈ ಸಲ ಹಾಸ್ಟೆಲ್ ಹುಡುಗರ ಜೊತೆ. ಊರೂರಿಂದ ರೈಲಿನಲ್ಲಿ, ಬಸ್ಸಿನಲ್ಲಿ ಹುಡುಗರು ಬಂದಿದ್ದರು. ಗುವಾಹಾಟಿಯಿಂದ ಬಂದವನೊಬ್ಬ ಕ್ಯೂನಲ್ಲಿ ನನ್ನ ಮುಂದೆ ನಿಂತಿದ್ದ. ಎಲ್ಲರದ್ದೂ ಕಪ್ಪು ಟೀ ಶರ್ಟು. ಎದೆಯ ಮೇಲೆ ಎಡ್ಡಿಯ ಮುಖ. ಡೆರೆಕ್ ರಿಗ್ಸ್ ಬರೆದ ಆ ಅಸ್ಥಿಪಂಜರದಂಥ ಮುಖ 1980ರಲ್ಲಿ ಆ ಬ್ಯಾಂಡಿನ ಮೊದಲ ಆಲ್ಬಮ್ಮಿನ ಮುಖಪುಟಕ್ಕೆ ಬಂದದ್ದು. ಅಂದಿನಿಂದ ಬ್ಯಾಂಡಿಗೂ ಎಡ್ಡಿಗೂ ಬಿಡದ ನಂಟು. ಬರೆದ ಚಿತ್ರವೊಂದು ಸಂಗೀತಕ್ಕೆ ಹೀಗೂ ಅಂಟಿಕೊಳ್ಳಬಹುದು ಅಂತ ನನಗೆ ಹೊಳೆದದ್ದು ಆ ಕ್ಯೂನಲ್ಲೇ. ಕಾಮಿಕ್ಸ್ ಕಡೆಗೆ ನಾನು ವಾಲಿದ್ದಕ್ಕೆ ಆ ಟೀ ಶರ್ಟುಗಳೂ ಒಂದು ಕಾರಣ.

ಅರಮನೆ ಮೈದಾನ ಅಂದರೆ ನಮ್ಮ ತಲೆಮಾರಿನವರಿಗೆ ಸುಮ್ನೆ ಮೈದಾನ ಅಲ್ಲ. ಹೊರದೇಶದ ದೊಡ್ಡ ದೊಡ್ಡ ರಾಕ್ ಹೆಸರುಗಳು ಬಂದು ಹಾಡಿದ ಜಾಗ. 2001ರಲ್ಲಿ ಡೀಪ್ ಪರ್ಪಲ್, 2002ರಲ್ಲಿ ರೋಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2005ರಲ್ಲಿ ಮಾರ್ಕ್ ನಾಪ್‌ಫ್ಲರ್. ಅವುಗಳಲ್ಲಿ ಒಂದಕ್ಕೂ ನಾನು ಹೋಗಲಾಗಲಿಲ್ಲ. ಹೋದ ಅಣ್ಣಂದಿರು ಹೇಳಿದ್ದನ್ನು ಬಾಯಿಪಾಠ ಮಾಡಿಕೊಂಡಿದ್ದೇನೆ. ನಾನು ಹೋದದ್ದರಲ್ಲಿ ದೊಡ್ಡದು 2011ರ ಅಕ್ಟೋಬರ್ 30ರಂದು ಬಂದ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ. ಎರಡು ದಿನ ಮೊದಲು ದೆಹಲಿ ಪಕ್ಕದ ಗುರ್‌ಗಾಂವ್‌ನಲ್ಲಿ ಆಗಬೇಕಿದ್ದ ಕಾರ್ಯಕ್ರಮ ನಿಂತುಹೋಗಿತ್ತು. ಹಾಗಾಗಿ ಇಲ್ಲೂ ಆಗುತ್ತೋ ಇಲ್ಲವೋ ಅಂತ ಎಲ್ಲರಿಗೂ ಎದೆಬಡಿತ. ದೀಪ ಆರಿ, ಮೊದಲ ಗಿಟಾರ್ ಏಟು ಬಿದ್ದಾಗ ಪಕ್ಕದಲ್ಲಿದ್ದ ಗೊತ್ತಿಲ್ಲದವನು ನನ್ನ ಹೆಗಲು ಹಿಡಿದುಕೊಂಡು ಅತ್ತುಬಿಟ್ಟ. ನನಗೂ ಕಣ್ಣು ತುಂಬಿತು.

ಮೈದಾನ ಕೊಡುವುದು ಇದನ್ನೇ. ಇಷ್ಟು ಜನರಿಗೆ ನಿನ್ನ ಹಾಡೇ ಇಷ್ಟ ಅಂತ ಒಂದೇ ರಾತ್ರಿಯಲ್ಲಿ ಗೊತ್ತಾಗುತ್ತದೆ. ಶಿವಮೊಗ್ಗದಲ್ಲಿ ಕ್ಯಾಸೆಟ್ ಕೇಳುತ್ತಾ ಇಡೀ ಬೀದಿಗೆ ನಾನೊಬ್ಬನೇ ಅಂದುಕೊಂಡು ಬೆಳೆದವನಿಗೆ ಅದು ಸಣ್ಣ ಮಾತಲ್ಲ.

ಕಿತ್ತುಕೊಳ್ಳುವುದೂ ಇದೆ. ಮೊದಲನೆಯದು ದುಡ್ಡು. ಎರಡನೆಯದು ಕಣ್ಣು. ಹಿಂದಿನ ವಿಭಾಗದಲ್ಲಿ ನಿಂತರೆ ನೋಡುವುದು ಪರದೆಯನ್ನೇ. ಮೂರನೆಯದು ಮೈ. ಒಂದು ದೊಡ್ಡ ಶೋನಲ್ಲಿ ಗೇಟಿನಲ್ಲೇ ನೀರಿನ ಬಾಟಲಿ ಕಿತ್ತಿಟ್ಟುಕೊಂಡರು. ಒಳಗೆ ನೀರು ಸಿಗುವ ಜಾಗಕ್ಕೆ ಹೋಗಿಬರಲು ಮುಕ್ಕಾಲು ಗಂಟೆ. ನಮ್ಮ ಜೊತೆ ಬಂದಿದ್ದ ಹುಡುಗಿಯೊಬ್ಬಳು ತಲೆ ತಿರುಗಿ ಕೂತುಬಿಟ್ಟಳು. ಗುರುತು ಪರಿಚಯ ಇಲ್ಲದ ನಾಲ್ಕು ಜನ ಕೈ ಕೈ ಹಿಡಿದು ಸುತ್ತ ನಿಂತು ಗಾಳಿಗೆ ಜಾಗ ಮಾಡಿಕೊಟ್ಟರು. ಆ ನಾಲ್ವರನ್ನು ನಾನು ಮರೆತಿಲ್ಲ. ಆದರೆ ಹದಿನಾಲ್ಕು ವರ್ಷದ ಹುಡುಗನನ್ನು ಅಂಥ ಗುಂಪಿನ ನಡುವೆ ನಿಲ್ಲಿಸಲು ನನಗೆ ಧೈರ್ಯ ಬರಲ್ಲ. ಹೋಗಲೇಬೇಕು ಅಂದರೆ ಕೂರುವ ಜಾಗದ ಟಿಕೆಟ್ಟೇ ತಗೊಳ್ಳಿ. ಮೆಡಿಕಲ್ ಶಾಪಿನಲ್ಲಿ ಕಿವಿಗೆ ಇಟ್ಟುಕೊಳ್ಳುವ ಫೋಮಿನ ಬಿರಡೆ ಸಿಗುತ್ತೆ, ಅದನ್ನೂ ತಗೊಳ್ಳಿ. ಹಾಡು ಕೇಳುತ್ತೆ, ಮಾರನೇ ದಿನ ಕಿವಿಯಲ್ಲಿ ಗುಂಯ್ ಅನ್ನೋದು ಇರಲ್ಲ.

ಪಬ್ಬಿನ ಮೂಲೆ

ಈಗ ನನ್ನ ಪ್ರೀತಿಯ ಜಾಗಕ್ಕೆ ಬಂದೆ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಬೆಂಗಳೂರಿಗೆ ರಾಕ್ ಊರು ಅನ್ನುವ ಹೆಸರು ಹೊರಗಿನ ಬ್ಯಾಂಡುಗಳು ಬಂದು ಹೋದದ್ದರಿಂದ ಮಾತ್ರ ಬಂದದ್ದಲ್ಲ. ಬ್ರಿಗೇಡ್ ರೋಡಿನ ಪಕ್ಕದ ರೆಸ್ಟ್ ಹೌಸ್ ರೋಡಿನಲ್ಲಿ ಪೆಕೋಸ್ ಪಬ್ಬು 1989ರಿಂದ ಇದೆ. ಗೋಡೆ ತುಂಬಾ ಹಳೇ ರಾಕ್ ಪೋಸ್ಟರುಗಳು, ಸ್ಪೀಕರಿನಲ್ಲಿ ಅದೇ ಕಾಲದ ಹಾಡುಗಳು. ಎಷ್ಟೋ ಜನ ತಮ್ಮ ಬ್ಯಾಂಡಿನ ಮೊದಲ ಮಾತುಕತೆ ಆಡಿದ್ದು ಅಲ್ಲಿನ ಮರದ ಬೆಂಚಿನ ಮೇಲೆ ಅಂತ ಹೇಳುವುದನ್ನು ಕೇಳಿದ್ದೇನೆ. ಥರ್ಮಲ್ ಅಂಡ್ ಎ ಕ್ವಾರ್ಟರ್ ಬ್ಯಾಂಡ್ ಶುರುವಾದದ್ದು 1996ರಲ್ಲಿ. ಮೂವರು ಮಲಯಾಳಿಗಳು ('ತ್ರೀ ಮಲ್'), ಜೊತೆಗೆ ಕಾಲು ಭಾಗ ('ಕ್ವಾರ್ಟರ್') ಮಲಯಾಳಿ ಒಬ್ಬರು ಅನ್ನೋದರಿಂದ ಆ ಹೆಸರು. ತಮ್ಮ ಸಂಗೀತಕ್ಕೆ ಅವರು ಇಟ್ಟುಕೊಂಡ ಹೆಸರು 'ಬ್ಯಾಂಗಲೋರ್ ರಾಕ್'. ಮೆಟಲ್ ಬ್ಯಾಂಡ್ ಕ್ರಿಪ್ಟೋಸ್ 1998ರದು. 2013ರಲ್ಲಿ ಜರ್ಮನಿಯ ವಾಕೆನ್ ಮೆಟಲ್ ಜಾತ್ರೆಯಲ್ಲಿ ನುಡಿಸಿ ಬಂದರು. ಜಾತ್ರೆ ಅಂತಲೇ ಕರೆಯುತ್ತೇನೆ, ಯಾಕೆಂದರೆ ಸಣ್ಣ ಹಳ್ಳಿಯೊಂದಕ್ಕೆ ಜಗತ್ತೆಲ್ಲ ಬಂದು ಸೇರುವ ರೀತಿ ನಮ್ಮ ಜಾತ್ರೆಯದೇ.

ಒಂದು ರಾತ್ರಿ ಹೇಳುತ್ತೇನೆ. ಇಂದಿರಾನಗರದ ಒಂದು ಸಣ್ಣ ಜಾಗ. ಅರವತ್ತು ಎಪ್ಪತ್ತು ಜನ ಇದ್ದೆವು. ವೇದಿಕೆ ಅಂದರೆ ಮೊಣಕಾಲೆತ್ತರದ ಹಲಗೆ. ನಾನು ಗಿಟಾರಿಸ್ಟ್‌ನಿಂದ ನಾಲ್ಕು ಅಡಿ ದೂರದಲ್ಲಿದ್ದೆ. ಕಾಲ ಕೆಳಗೆ ಪೆಡಲುಗಳ ಸಾಲು, ಪ್ರತಿಯೊಂದಕ್ಕೂ ಬಿಳಿ ಟೇಪ್ ಅಂಟಿಸಿ ಪೆನ್ನಿನಲ್ಲಿ ಗುರುತು ಹಾಕಿದ್ದ. ಮೂರನೇ ಹಾಡಿನ ನಡುವೆ ಟಿಣ್ ಅಂತ ಅವನ ಸಣ್ಣ ತಂತಿ ಹರಿಯಿತು. ಡ್ರಮ್ಮಿನವನೂ ಬೇಸ್‌ನವನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿಲ್ಲಿಸಲಿಲ್ಲ. ಅದೇ ತಾಳವನ್ನೇ ಸುತ್ತಿ ಸುತ್ತಿ ನುಡಿಸತೊಡಗಿದರು. ಇವನು ಸ್ಟೂಲ್ ಮೇಲೆ ಕೂತು ಹೊಸ ತಂತಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಹರಿದ ತಂತಿ ಬಿಚ್ಚಿ, ಹೊಸದನ್ನು ಪೋಣಿಸಿ ಬಿರಡೆ ತಿರುಗಿಸಿದ. ತುದಿ ಉದ್ದಕ್ಕೆ ಚಾಚಿಕೊಂಡಿತ್ತು. ತಲೆಯೆತ್ತಿ ನಮ್ಮ ಕಡೆ ನೋಡಿ, "ಬಾಸ್, ಯಾರತ್ರಾನಾದ್ರೂ ಕಟ್ಟರ್ ಇದ್ಯಾ?" ಅಂದ. ನನ್ನ ಕೀ ಚೈನಿನಲ್ಲಿ ಉಗುರು ಕತ್ತರಿಸುವ ಕಟ್ಟರ್ ಇತ್ತು. ಕೊಟ್ಟೆ. ಚಟ್ ಅಂತ ತುದಿ ಕತ್ತರಿಸಿ, ವಾಪಸ್ ಕೊಟ್ಟು, ಶ್ರುತಿ ನೋಡಿಕೊಂಡು, ತಾಳ ಸುತ್ತಿ ಬರುವ ಜಾಗಕ್ಕೆ ಸರಿಯಾಗಿ ಒಳಗೆ ಬಂದ. ಎಲ್ಲ ಸೇರಿ ನಾಲ್ಕು ನಿಮಿಷ ಇರಬಹುದು. ಆ ಕಟ್ಟರ್ ಈಗಲೂ ನನ್ನ ಹತ್ತಿರ ಇದೆ. ಬ್ಲೇಡಿನಲ್ಲಿ ತಂತಿಯಿಂದ ಆದ ಸಣ್ಣ ಕಚ್ಚು ಇದೆ.

ಮೈದಾನದಲ್ಲಿ ತಂತಿ ಹರಿದರೆ ನಮಗೆ ಗೊತ್ತೇ ಆಗಲ್ಲ. ಇನ್ನೊಂದು ಗಿಟಾರ್ ಹಿಡಿದು ಯಾರೋ ಓಡಿ ಬರುತ್ತಾರೆ. ಅದು ಒಳ್ಳೆಯದೇ. ಆದರೆ ಹಾಡು ಹೇಗೆ ನಿಲ್ಲುತ್ತೆ, ಜೊತೆಯವರು ಹೇಗೆ ಎತ್ತಿ ಹಿಡಿಯುತ್ತಾರೆ ಅನ್ನೋದನ್ನ ನಾನು ಕಣ್ಣಾರೆ ಕಂಡದ್ದು ಆ ಅರವತ್ತು ಜನರ ನಡುವೆ ನಿಂತಾಗಲೇ.

ಇಂಥ ಜಾಗಗಳು ಉಳಿಯುವುದು ಕಷ್ಟ. ಕೈರಾ ಮುಚ್ಚಿತು. ಹಮ್ಮಿಂಗ್ ಟ್ರೀ ಮುಚ್ಚಿತು. ಸಾರ್ವಜನಿಕ ಮನರಂಜನೆಯ ಜಾಗಗಳಿಗೆ ಲೈಸೆನ್ಸ್ ಬೇಕು ಅನ್ನುವ 2005ರ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದಾದ ಮೇಲೆ ಬೆಂಗಳೂರಿನ ಎಷ್ಟೋ ಪಬ್ಬುಗಳಲ್ಲಿ ಲೈವ್ ಸಂಗೀತವೇ ನಿಂತುಹೋಗಿತ್ತು. ಅಕ್ಕಪಕ್ಕದ ಮನೆಯವರಿಗೆ ನಿದ್ದೆ ಬೇಕು, ಅದು ನ್ಯಾಯ. ಹುಡುಗರಿಗೆ ನುಡಿಸಲು ಜಾಗ ಬೇಕು, ಅದೂ ನ್ಯಾಯ. ಶಬ್ದ ಹೊರಗೆ ಹೋಗದ ಹಾಗೆ ಕಟ್ಟಿದ ಸಣ್ಣ ಸಭಾಂಗಣಗಳು ನಗರದ ಪ್ರತಿ ಮೂಲೆಯಲ್ಲೂ ಒಂದೊಂದಿದ್ದರೆ ಸಾಕು. ನಾಟಕಕ್ಕೆ ಜೆ.ಪಿ. ನಗರದಲ್ಲಿ ರಂಗಶಂಕರ ಇದೆಯಲ್ಲ, ರಾಕ್ ಸಂಗೀತಕ್ಕೂ ಅಂಥದ್ದೊಂದು ಮನೆ ಬೇಕು ಅನ್ನೋದು ನನ್ನ ಬಹಳ ದಿನದ ಆಸೆ.

ದುಡ್ಡಿನ ಲೆಕ್ಕಕ್ಕೆ ಇದು ಮೈದಾನಕ್ಕಿಂತ ಎಷ್ಟೋ ಅಗ್ಗ. ಆದರೆ ಅಕ್ಕನ ಮಗನಿಗೆ ಇದು ಆಗಲ್ಲ. ಹೆಚ್ಚಿನ ಕಡೆ ಹುಡುಗರನ್ನು ಒಳಗೆ ಬಿಡಲ್ಲ. ಬಿಡಲೂಬಾರದು. ಅವನಿಗೆ ಅದನ್ನು ಹೇಳಿದಾಗ ಮುಖ ಸಪ್ಪೆ ಮಾಡಿಕೊಂಡ.

ಕಾಸಿಲ್ಲದೆ ಕೇಳುವುದು

"ಹಂಗಾದ್ರೆ ನನಗೆ ಯಾವ್ದೂ ಇಲ್ವಾ?" ಅಂದ. ಇದೆ.

1996ರಿಂದ ಆಗಸ್ಟ್ 15ರ ಆಸುಪಾಸಿನಲ್ಲಿ ಫ್ರೀಡಂ ಜ್ಯಾಮ್ ಅಂತ ನಡೆಯುತ್ತಾ ಬಂದಿದೆ. ಟಿಕೆಟ್ ಇಲ್ಲ. ಒಂದರ ಹಿಂದೆ ಒಂದು ಬ್ಯಾಂಡು. ನಾನು ಹೋಗಿದ್ದ ಒಂದು ವರ್ಷ ಮಧ್ಯಾಹ್ನದಿಂದ ಕೂತೆ. ಮೊದಲ ಎರಡು ಬ್ಯಾಂಡುಗಳಿಗೆ ಇನ್ನೂ ಕೈ ಕೂಡಿರಲಿಲ್ಲ. ಮೂರನೆಯದು ಕಾಲೇಜು ಹುಡುಗಿಯರದು, ಬೇಸ್ ನುಡಿಸುತ್ತಿದ್ದವಳು ಕಣ್ಣು ಮುಚ್ಚಿಕೊಂಡು ನುಡಿಸಿದ ರೀತಿಗೆ ಹುಲ್ಲಿನ ಮೇಲೆ ಮಲಗಿದ್ದವರೆಲ್ಲ ಎದ್ದು ಕೂತರು. ಕೇಳಿಸಿಕೊಳ್ಳುವ ಅಭ್ಯಾಸ ಆಗೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಚೆನ್ನಾಗಿಲ್ಲದ್ದನ್ನೂ ಪೂರ್ತಿ ಕೇಳಿದಾಗಲೇ ಚೆನ್ನಾಗಿರೋದು ಯಾಕೆ ಚೆನ್ನಾಗಿದೆ ಅಂತ ತಿಳಿಯುವುದು.

ಮೈಸೂರಿನ ಯುವ ದಸರಾವನ್ನೂ ಇಲ್ಲೇ ಸೇರಿಸುತ್ತೇನೆ. ಮಹಾರಾಜ ಕಾಲೇಜು ಮೈದಾನದಲ್ಲಿ ನಡೆಯುತ್ತಿದ್ದಾಗ ಒಂದು ಸಲ ಹೋಗಿದ್ದೆ. ಮೈಸೂರು ಅಂದಮೇಲೆ ರಘು ದೀಕ್ಷಿತ್ ಬಗ್ಗೆ ಹೇಳದೆ ಇರಲಾಗದು. ಓದಿದ್ದು ಮೈಕ್ರೋಬಯಾಲಜಿ, ಕಲಿತದ್ದು ಭರತನಾಟ್ಯ. 2008ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನಲ್ಲಿ ಶರೀಫರ ಹಾಡು ಗಿಟಾರಿನ ಮೇಲೆ ಬಂತು. ಅವರ ತಮ್ಮ ವಾಸು ದೀಕ್ಷಿತ್ ಹಾಡುವ ಸ್ವರಾತ್ಮ ಬ್ಯಾಂಡಿನವರು ವೇದಿಕೆಗೆ ಜಾನಪದದ ವೇಷ ಭೂಷಣವನ್ನೇ ತಂದರು. ಶಿಗ್ಗಾವಿ ಹತ್ತಿರದ ಒಂದು ಹಳ್ಳಿಯಲ್ಲಿ 19ನೇ ಶತಮಾನದಲ್ಲಿ ಬಾಳಿದ ಶರೀಫಜ್ಜನ ಮಾತಿಗೆ ಹೆಡ್‌ಫೋನ್ ಹಾಕಿಕೊಂಡ ಹುಡುಗರು ಕುಣಿಯುವುದನ್ನು ನೋಡಿದಾಗ, 2005ರಲ್ಲಿ ಕೈ ಎತ್ತಿ ಹಾಡಿದ ಚಿಕ್ಕಪ್ಪ ನೆನಪಾಗುತ್ತಾರೆ. ನನ್ನ ಮಟ್ಟಿಗೆ ಅಶ್ವತ್ಥ್ ಅವರೂ ನಮ್ಮ ರಾಕ್ ಪರಂಪರೆಯವರೇ. ಆ ದನಿಯಲ್ಲಿದ್ದ ಕೆಚ್ಚು ಯಾವ ಗಿಟಾರಿಗೂ ಕಡಿಮೆಯಿಲ್ಲ.

ಕಾಮಿಕ್ ಕಾನ್

ಈ ಎಲ್ಲದರ ಎದುರು ಕಾಮಿಕ್ ಕಾನ್ ಹೇಗೆ?

ನಾನು ಮೊದಲ ಸಲ ಹೋದದ್ದು 2012ರ ಸೆಪ್ಟೆಂಬರ್‌ನಲ್ಲಿ. ಬೆಂಗಳೂರಿಗೆ ಅದು ಬಂದದ್ದೇ ಆ ವರ್ಷ. ಕೋರಮಂಗಲದ ಒಳಾಂಗಣ ಕ್ರೀಡಾಂಗಣದಲ್ಲಿ ನಡೆಯಿತು. ಈಗ ವೈಟ್‌ಫೀಲ್ಡಿನ ಕೆಟಿಪಿಒ ಪ್ರದರ್ಶನ ಕೇಂದ್ರದಲ್ಲಿ ನಡೆಯುತ್ತದೆ. ನೇರಳೆ ಮಾರ್ಗದ ಮೆಟ್ರೋ 2023ರಲ್ಲಿ ಅಲ್ಲಿವರೆಗೂ ಮುಟ್ಟಿದ್ದರಿಂದ ಹೋಗಿ ಬರುವುದು ಈಗ ಸಲೀಸು. ಮೊದಲೆಲ್ಲ ಮಾರತ್ತಹಳ್ಳಿ ದಾಟುವಷ್ಟರಲ್ಲೇ ಅರ್ಧ ದಿನ ಹೋಗುತ್ತಿತ್ತು.

ಒಳಗೆ ಎರಡು ಲೋಕ ಇದೆ. ಮೊದಲನೆಯದು ಬಾಗಿಲಲ್ಲೇ ಸಿಗುವ ದೊಡ್ಡ ಲೋಕ. ಹಾಲಿವುಡ್ ಸಿನಿಮಾದ ಭಾರೀ ಗೊಂಬೆಗಳು, ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲು ಕ್ಯೂ, ಟೀ ಶರ್ಟಿನ ಅಂಗಡಿಗಳು, ಗೇಮಿಂಗಿನ ಗದ್ದಲ. ಇದು ಮೈದಾನದ ಹಾಗೇ. ಜನ ಜಾಸ್ತಿ, ಸಡಗರ ಜಾಸ್ತಿ, ಎಲ್ಲವೂ ದೂರ. ಎರಡನೆಯದು ಇನ್ನೂ ಒಳಗೆ ಹೋದರೆ ಸಿಗುವ ಮೇಜುಗಳ ಸಾಲು. ಒಂದೊಂದು ಮೇಜಿನ ಹಿಂದೆ ಒಬ್ಬೊಬ್ಬ ಕಲಾವಿದರು, ತಾವೇ ಬರೆದು, ತಾವೇ ಅಚ್ಚು ಹಾಕಿಸಿದ ಪುಸ್ತಕ ಇಟ್ಟುಕೊಂಡು ಕೂತಿರುತ್ತಾರೆ. ಇದು ಪಬ್ಬಿನ ಮೂಲೆ. ನಾಲ್ಕು ಅಡಿ ಕೂಡ ದೂರ ಇಲ್ಲ.

ನನ್ನ ಹೋಲಿಕೆ ತಿರುಗಿಬಿದ್ದದ್ದು ಇಲ್ಲಿ. ಸಂಗೀತವೋ ಕಾಮಿಕ್ಸೋ ಅನ್ನುವುದು ನನಗೆ ಪ್ರಶ್ನೆಯೇ ಅಲ್ಲ ಅಂತ ತಿಳಿಯಿತು. ಮಾಡಿದವರಿಂದ ನಾನು ಎಷ್ಟು ದೂರ ನಿಂತಿದ್ದೇನೆ ಅನ್ನುವುದೇ ನನ್ನ ಅಳತೆ.

ಸಂಗೀತ, ಕಾಮಿಕ್ಸ್ ಇವೆರಡು ಬೇರೆ ಬೇರೆ ಜನರ ಲೋಕವೂ ಅಲ್ಲ. ಲೌಂಜ್ ಪಿರಾನ್ಹಾ ಅಂತ ಬೆಂಗಳೂರಿನಲ್ಲಿ ಒಂದು ಬ್ಯಾಂಡ್ ಇತ್ತು. ಹಾಡಿಗಿಂತ ವಾದ್ಯದ ಅಲೆಗಳೇ ಜಾಸ್ತಿ ಇರುವ ಸಂಗೀತ ಅವರದು. ಡ್ರಮ್ಸ್ ನುಡಿಸುತ್ತಿದ್ದವರು ಜಾರ್ಜ್ ಮಾತನ್. ವರ್ಷಗಳ ನಂತರ ಹಾಲಾಹಲ ಅನ್ನುವ ಕಲ್ಪನೆಯ ಲೋಕದ ಕಾಮಿಕ್ಸ್ ಓದಿ ಮರುಳಾದೆ. ಬರೆದವರ ಹೆಸರು ಅಪ್ಪುಪೆನ್. ಅಪ್ಪುಪೆನ್ ಅಂದರೆ ಅದೇ ಜಾರ್ಜ್ ಮಾತನ್ ಅಂತ ಗೊತ್ತಾದ ದಿನ ಪುಸ್ತಕವನ್ನು ಮತ್ತೆ ಮೊದಲಿಂದ ತಿರುವಿದೆ. 2009ರಲ್ಲಿ ಬಂದ 'ಮೂನ್‌ವರ್ಡ್' ಆ ಲೋಕದ ಮೊದಲ ಪುಸ್ತಕ. ಆಮೇಲೆ ಬಂದ 'ಲೆಜೆಂಡ್ಸ್ ಆಫ್ ಹಾಲಾಹಲ'ದಲ್ಲಿ ಮಾತೇ ಇಲ್ಲ, ಚಿತ್ರಗಳೇ ಕಥೆ ಹೇಳುತ್ತವೆ. ಈ ಪುಟದಲ್ಲಿ ಒಂದೇ ದೊಡ್ಡ ಚೌಕ, ಮುಂದಿನದರಲ್ಲಿ ಸಣ್ಣ ಸಣ್ಣ ಚೌಕಗಳು ಓಡುತ್ತವೆ. ಕಣ್ಣಿಗೆ ಅದು ತಾಳದ ಹಾಗೇ ಕೇಳುತ್ತದೆ. ಡ್ರಮ್ಮಿನವರು ಬರೆದದ್ದು ಅಂತ ಗೊತ್ತಾದ ಮೇಲಂತೂ ನನಗೆ ಬೇರೆ ಥರ ಓದಲು ಬರುವುದೇ ಇಲ್ಲ.

ಕಾಮಿಕ್ ಕಾನ್ ಬಗ್ಗೆ ನನ್ನ ಒಂದೇ ಕೊರಗು ಕನ್ನಡದ್ದು. ನಾನು ಹೋದ ಯಾವ ವರ್ಷವೂ ಕನ್ನಡದ ಕಾಮಿಕ್ಸ್ ಕೈತುಂಬಾ ಸಿಕ್ಕಿಲ್ಲ. ಇದು ಎದೆಗೆ ಚುಚ್ಚುತ್ತದೆ, ಯಾಕೆಂದರೆ ಈ ಕಥೆಯ ಬೇರು ಇಲ್ಲೇ ಇದೆ. ಅಮರ ಚಿತ್ರ ಕಥೆಯ ಮೊದಲ ಹತ್ತು ಪುಸ್ತಕಗಳು 1965ರಲ್ಲಿ ಬಂದದ್ದು ಕನ್ನಡದಲ್ಲಿ. ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ.ಕೆ. ಅನಂತರಾಂ ಅವರ ಯೋಚನೆ ಅದು. ಆ ಮಾಲೆಯನ್ನು ಮನೆಮನೆಗೆ ಮುಟ್ಟಿಸಿದ ಅನಂತ ಪೈ ಹುಟ್ಟಿದ್ದು ಕಾರ್ಕಳದಲ್ಲಿ. 2011ರ ಫೆಬ್ರವರಿ 19ರಂದು ದೆಹಲಿಯಲ್ಲಿ ನಡೆದ ದೇಶದ ಮೊದಲ ಕಾಮಿಕ್ ಕಾನ್‌ನಲ್ಲಿ ಅವರಿಗೆ ಜೀವಮಾನ ಸಾಧನೆಯ ಗೌರವ ಸಂದಿತು. ಐದೇ ದಿನಕ್ಕೆ, 24ರಂದು, ತೀರಿಕೊಂಡರು. ಕಾರ್ಕಳದ ಒಬ್ಬರು ಇಡೀ ದೇಶದ ಮಕ್ಕಳ 'ಅಂಕಲ್ ಪೈ' ಆದರು. ಅವರ ನಾಡಿನ ಕಾಮಿಕ್ ಕಾನ್‌ನಲ್ಲಿ ಕನ್ನಡದ ಮೇಜುಗಳ ಒಂದು ಸಾಲು ಇರಬೇಕಲ್ವಾ?

ಆ ಕೊರತೆಗೆ ನನಗೆ ಸಿಕ್ಕ ಮದ್ದು ಎರಡು. ಒಂದು, ಟ್ರಿನಿಟಿ ಸರ್ಕಲ್ ಹತ್ತಿರ ಮಿಡ್‌ಫೋರ್ಡ್ ಗಾರ್ಡನ್‌ನಲ್ಲಿರುವ ವ್ಯಂಗ್ಯಚಿತ್ರ ಗ್ಯಾಲರಿ. ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆ 2007ರಿಂದ ನಡೆಸುತ್ತಿದೆ. ಎಂ.ಜಿ. ರೋಡಿನ ಗದ್ದಲದಿಂದ ಎರಡು ಹೆಜ್ಜೆ ಒಳಗೆ ಹೋದರೆ ಸದ್ದೇ ಇಲ್ಲ. ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ನಿಲ್ಲಬಹುದು. ಇಂಕಿನ ಗೆರೆ ಎಲ್ಲಿ ದಪ್ಪ ಆಯಿತು, ಎಲ್ಲಿ ಬಿಳಿ ಬಣ್ಣ ಬಳಿದು ತಿದ್ದಿದರು, ಪೆನ್ಸಿಲಿನ ಗುರುತು ಎಲ್ಲಿ ಉಳಿಯಿತು, ಎಲ್ಲ ಕಾಣುತ್ತದೆ. ರಾಶಿ (ಡಾ. ಎಂ. ಶಿವರಾಂ) ಅವರು 1942ರಲ್ಲಿ ಶುರು ಮಾಡಿದ 'ಕೊರವಂಜಿ' ಹಾಸ್ಯ ಪತ್ರಿಕೆಗೆ ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ಚಿತ್ರ ಬರೆಯುತ್ತಿದ್ದರು. ಅಂಥ ನಾಡಿನಲ್ಲಿ ಗೆರೆ ನೋಡಲು ಒಂದು ಜಾಗ ಇರುವುದು ದೊಡ್ಡ ಸಮಾಧಾನ. ಇನ್ನೊಂದು, ಚರ್ಚ್ ಸ್ಟ್ರೀಟಿನ ಬ್ಲಾಸಮ್ ಪುಸ್ತಕದಂಗಡಿ. ಹಳೇ ಕಾಮಿಕ್ಸ್ ಕಪಾಟಿನ ಮುಂದೆ ನೆಲದ ಮೇಲೆ ಕೂತರೆ ಎರಡು ಗಂಟೆ ಹೋಗಿದ್ದು ತಿಳಿಯಲ್ಲ.

ಕೊನೆಗೆ ಅವನು ಹೋದದ್ದು

2025ರ ಜನವರಿಯಲ್ಲಿ ನಾವಿಬ್ಬರೂ ಕೆಟಿಪಿಒಗೆ ಹೋದೆವು. ವೇಷ ಹಾಕಿಕೊಂಡೇ ಬರ್ತೀನಿ ಅಂದ. ಯಾವ ವೇಷ ಅಂದರೆ ಹೇಳಲಿಲ್ಲ. ಹೊರಡುವ ದಿನ ರೂಮಿನಿಂದ ಹೊರಗೆ ಬಂದಾಗ ತಲೆಗೆ ಎರಡು ದುಂಡನೆ ಕಿವಿ. ಹಳೇ ಯೋಗ ಮ್ಯಾಟ್ ಕತ್ತರಿಸಿ ಮಾಡಿದ್ದು. ಮೂಗಿನ ಪಕ್ಕ ಕಪ್ಪು ದಾರದ ಮೀಸೆ, ಹಿಂದೆ ಬಟ್ಟೆ ಸುತ್ತಿದ ತಂತಿಯ ಬಾಲ.

"ಡಿಂಗ ಕಣೋ ಮಾಮ! ಊಟ ಮಾಡ್ಸೋವಾಗ ನೀನೇ ಕಥೆ ಹೇಳ್ತಿದ್ದಲ್ಲ."

ಮಕ್ಕಳ ಪತ್ರಿಕೆ ಬಾಲಮಂಗಳದ ಡಿಂಗ. ಅವನು ಹುಟ್ಟುವ ಎಷ್ಟೋ ಮೊದಲು ಶಿವಮೊಗ್ಗದ ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಯಲ್ಲಿ ನಾನು ಕಾದು ಕೊಳ್ಳುತ್ತಿದ್ದ ಪುಸ್ತಕದ ಇಲಿ. ನನಗೆ ಮಾತು ಹೊರಡಲಿಲ್ಲ. ಮೀಸೆಯ ಒಂದು ಎಳೆ ಬಿಟ್ಟುಕೊಂಡಿತ್ತು, ಫೆವಿಕಾಲ್ ಹಚ್ಚಿ ಅಂಟಿಸಿದೆ.

ಸ್ಪೈಡರ್‌ಮ್ಯಾನ್‌ಗಳು ನೂರು ಇದ್ದರು. ಜಪಾನಿನ ಅನಿಮೆಯ ಕತ್ತಿವೀರರಿಗೆ ಲೆಕ್ಕವೇ ಇಲ್ಲ. ಡಿಂಗ ಒಬ್ಬನೇ. ಮೊದಲ ಒಂದು ಗಂಟೆ ಯಾರೂ ಗುರುತಿಸಲಿಲ್ಲ. "ನೀನು ಯಾವ ಇಲಿ?" ಅಂತ ಇಬ್ಬರು ಕೇಳಿದರು. ಹುಡುಗ ಕಿವಿ ತೆಗೆದು ಕೈಯಲ್ಲಿ ಹಿಡಿದುಕೊಳ್ಳುವ ಹಂತಕ್ಕೆ ಬಂದಿದ್ದ. ಆಗ ಮಗಳ ಕೈ ಹಿಡಿದುಕೊಂಡು ಹೋಗುತ್ತಿದ್ದ ಹೆಂಗಸೊಬ್ಬರು ನಿಂತರು. ಎರಡು ಕೈಯನ್ನೂ ಕೆನ್ನೆಗೆ ಇಟ್ಟುಕೊಂಡು, "ಅಯ್ಯೋ, ಡಿಂಗ!" ಅಂದರು. ಅವರ ದನಿ ಕೇಳಿ ಇನ್ನಿಬ್ಬರು ತಿರುಗಿದರು. ಹತ್ತು ನಿಮಿಷದಲ್ಲಿ ಅವನ ಸುತ್ತ ನಲವತ್ತು ವರ್ಷ ದಾಟಿದವರ ಗುಂಪು. ಉಡುಪಿಯವರು, ಹಾಸನದವರು, ಸಿರಸಿಯವರು. ಒಬ್ಬೊಬ್ಬರೂ ಬಾಲಮಂಗಳ ಯಾವ ಅಂಗಡಿಯಲ್ಲಿ ಕೊಳ್ಳುತ್ತಿದ್ದೆವು ಅಂತ ಹೇಳತೊಡಗಿದರು. ಅಷ್ಟು ಕನ್ನಡವನ್ನು ನಾನು ಕಾಮಿಕ್ ಕಾನ್‌ನಲ್ಲಿ ಕೇಳಿದ್ದು ಅದೇ ಮೊದಲು.

ಊಟ ಆದಮೇಲೆ ಮೇಜುಗಳ ಸಾಲಿಗೆ ಹೋದೆವು. ಅಲ್ಲೇ ಕೂತು ಚಿತ್ರ ಬರೆದುಕೊಡುವ ಒಬ್ಬ ಹುಡುಗಿ ಇದ್ದಳು, ನಾನೂರು ರೂಪಾಯಿ. "ಡಿಂಗನ್ನ ಬರೀತೀರಾ ಅಕ್ಕ?" ಅಂದ. ಅವಳಿಗೆ ಡಿಂಗ ಯಾರು ಅಂತ ಗೊತ್ತಿರಲಿಲ್ಲ. ಇವನು ಮೇಜಿಗೆ ಮೊಣಕೈ ಊರಿಕೊಂಡು ಕಥೆ ಹೇಳಲು ಶುರು ಮಾಡಿದ. ನಾನು ಅನ್ನ ಕಲಸುತ್ತಾ ಹೇಳುತ್ತಿದ್ದ ಕಥೆಗಳೇ. ಅವಳು ಕೇಳುತ್ತಾ ಕೇಳುತ್ತಾ ಮೊದಲು ನೀಲಿ ಪೆನ್ಸಿಲಿನಲ್ಲಿ ಒಂದು ಉಂಡೆ, ಅದರ ಮೇಲೆ ಎರಡು ಸಣ್ಣ ಉಂಡೆ ಹಾಕಿದಳು. ಆಮೇಲೆ ಬ್ರಷ್ ಪೆನ್ ತೆಗೆದಳು. ಕಿವಿಯ ಗೆರೆಯನ್ನು ಮೇಲಿಂದ ಕೆಳಕ್ಕೆ ಒಂದೇ ಉಸಿರಿನಲ್ಲಿ ಎಳೆದಳು, ನಡುವೆ ಒತ್ತಿ ದಪ್ಪ ಮಾಡಿ, ತುದಿಯಲ್ಲಿ ಎತ್ತಿ ತೆಳ್ಳಗೆ ಬಿಟ್ಟಳು. ಹುಡುಗ ಕಥೆ ನಿಲ್ಲಿಸಿ ಆ ಗೆರೆಯನ್ನೇ ನೋಡಿದ.

"ಮುಂದೆ ಹೇಳು, ಆಮೇಲೆ ಏನಾಯ್ತು?" ಅಂದಳು ಅವಳು, ತಲೆ ಎತ್ತದೆ.

ಟಿಕೆಟ್ಟಿಗೆ ಸಾವಿರದ ಹತ್ತಿರ ಹೋಗಿತ್ತು, ಅದರ ಜೊತೆ ಒಂದು ಕಾಮಿಕ್ಕೂ ಸಿಕ್ಕಿತ್ತು. ಸಣ್ಣ ಮೇಜುಗಳಲ್ಲಿ ಎರಡು ಪುಸ್ತಕ ಕೊಂಡ. ದೊಡ್ಡ ಅಂಗಡಿಗಳ ಕಡೆ ತಿರುಗಿಯೂ ನೋಡಲಿಲ್ಲ. ಮೆಟ್ರೋದಲ್ಲಿ ಕೂರಲು ಜಾಗ ಇರಲಿಲ್ಲ. ಇಂದಿರಾನಗರ ಬರುವವರೆಗೂ ಚಿತ್ರವನ್ನು ಫೈಲಿನಲ್ಲಿಟ್ಟು ತಲೆಯ ಮೇಲಕ್ಕೆ ಎತ್ತಿ ಹಿಡಿದುಕೊಂಡೇ ನಿಂತಿದ್ದ. ಕಿವಿ ಇನ್ನೂ ತಲೆ ಮೇಲೇ ಇತ್ತು. ಮನೆಗೆ ಬಂದು ಉಳಿದ ದುಡ್ಡು ಎಣಿಸಿದಾಗ ಇನ್ನೂರ ಎಂಬತ್ತು ರೂಪಾಯಿ ಇತ್ತು. ಅದನ್ನು ಕವರಿಗೆ ಹಾಕಿ ಮೇಲೆ ಪೆನ್ನಿನಲ್ಲಿ ಬರೆದ: ಆಗಸ್ಟ್, ಫ್ರೀಡಂ ಜ್ಯಾಮ್, ಬಸ್ಸಿಗೆ ಮತ್ತು ದೋಸೆಗೆ.